ನಾಲ್ಕನೆಯ ಸ್ಥಾನ

ಗಾಲ್ಫ್ ಆಟವನ್ನು ಕುರಿತು ಬರೆಯುವುದಕ್ಕೆ ನನಗೆ ಯಾವ ಅಧಿಕಾರವೂ ಇಲ್ಲ. ಹುಟ್ಟಿದ್ದು ಅರಕಲಗೂಡಿನಲ್ಲಿ, ಓದಿದ್ದು ಮೈಸೂರಿನ ಮಹಾರಾಜ ಸಂಸ್ಕೃತ ಪಾಠಶಾಲೆಯಲ್ಲಿ, ಆಮೇಲೆ ಹೊಳೆನರಸೀಪುರ, ಚನ್ನರಾಯಪಟ್ಟಣ ತಾಲ್ಲೂಕುಗಳ ಹೈಸ್ಕೂಲುಗಳಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಶಬ್ದರೂಪ ಧಾತುರೂಪಗಳನ್ನು ಬಾಯಿಪಾಠ ಮಾಡಿಸಿ, ಈಗ ಹಾಸನದಲ್ಲಿ ವಿಶ್ರಾಂತನಾಗಿದ್ದೇನೆ. ಈ ಐದು ಊರುಗಳ ನನ್ನ ಓಡಾಟದಲ್ಲಿ ಗಾಲ್ಫ್ ಮೈದಾನವನ್ನು ಕಣ್ಣಿನಿಂದ ಕಂಡವನಲ್ಲ. ನಾನು ಓದಿದ ಪಾಠಶಾಲೆಯೂ ಬೆಂಗಳೂರಿನ ಗಾಲ್ಫ್ ಕ್ಲಬ್ಬೂ 1876ನೆಯ ಇಸವಿಯಲ್ಲೇ ಸ್ಥಾಪಿತವಾದವೆಂದು ಈಚೆಗೆ ತಿಳಿದು ನಕ್ಕೆನು. ಒಂದೇ ವರ್ಷದ ಕೂಸುಗಳಾದರೂ ಒಂದರ ಮನೆಯ ಸುದ್ದಿ ಇನ್ನೊಂದಕ್ಕೆ ತಲಪದೆ ಹೋಯಿತು. ಹೀಗಿದ್ದರೂ ಲೇಖನಿ ಹಿಡಿದಿರುವುದಕ್ಕೆ ಕಾರಣವುಂಟು. ಆ ಆಟವನ್ನೇ ವೃತ್ತಿಯಾಗಿ ಮಾಡಿಕೊಂಡ ಬೆಂಗಳೂರಿನ ಒಬ್ಬ ಹೆಣ್ಣುಮಗಳು, ತಾನು ಅರಿಯದೆಯೆ, ನನ್ನದೊಂದು ಹಳೆಯ ತಪ್ಪನ್ನು ನನಗೆ ತೋರಿಸಿಕೊಟ್ಟಳು.

ವಾಚಕರಲ್ಲಿ ಅನೇಕರು ನನ್ನಂತೆಯೇ ಈ ಆಟವನ್ನು ಕಾಣದವರಿರಬಹುದು. ಅವರಿಗಾಗಿ ಎರಡು ಮಾತು. ಹುಡುಗರು ಬೀದಿಯಲ್ಲಿ ಗೋಲಿಯನ್ನು ಗುಳಿಗೆ ಹಾಕುವುದಿಲ್ಲವೆ? ಇದೂ ಅದರ ಬಳಗದ್ದೇ. ಅಂಗಳದಷ್ಟಿದ್ದ ಕಣ ಊರ ಹೊಲಗಳಷ್ಟಾಗಿದೆ, ಅಷ್ಟೆ. ಚೆಂಡಿನ ತೂಕ 46 ಗ್ರಾಮಿಗೆ ತುಸು ಕಡಮೆ. ಗುಳಿಯ ಅಗಲ 108 ಮಿಲಿಮೀಟರು. ಹದಿನಾಲ್ಕಕ್ಕೆ ಮೀರದ ದಾಂಡುಗಳನ್ನು ಚೀಲದಲ್ಲಿ ಹೊರಿಸಿಕೊಂಡು 18 ಗುಳಿಗಳನ್ನು ಒಂದಾದಮೇಲೊಂದು ಮುಗಿಸಬೇಕು. ಕಡಮೆ ಹೊಡೆತಗಳಲ್ಲಿ ಮುಗಿಸಿದವರಿಗೆ ಜಯ. ಪ್ರತಿಯೊಂದು ಗುಳಿಗೂ ಇಷ್ಟು ಹೊಡೆತವೆಂಬ ನಿಯತವಾದ ಲೆಕ್ಕವುಂಟು; ಅದನ್ನು ‘ಪಾರ್’ ಎನ್ನುತ್ತಾರೆ. ಚೆಂಡನ್ನು ದೂರಕ್ಕೆ ಅಟ್ಟಲು ತೋಳಿನ ಬಲ ಬೇಕು. ಗುಳಿಯ ಸಮೀಪದ ನುಣ್ಣನೆಯ ಹುಲ್ಲಿನ ಮೇಲೆ ಅದನ್ನು ಮೆಲ್ಲನೆ ಉರುಳಿಸಿ ಒಳಕ್ಕೆ ಕೆಡಹಲು ಬೇಕಾದದ್ದು ಚಿತ್ತಸ್ಥೈರ್ಯ. ಮರ, ಕೊಂಬೆ, ಎಲೆಗಳನ್ನು ಕಾಣದೆ ಹಕ್ಕಿಯ ಕಣ್ಣೊಂದನ್ನೇ ಕಂಡ ಅರ್ಜುನನ ಕಥೆಯನ್ನು ಇಲ್ಲಿ ನೆನೆಯಬಹುದು.

ಆಕೆಯ ಹೆಸರು ಅದಿತಿ ಅಶೋಕ್. ಹುಟ್ಟಿದ್ದು 1998ನೆಯ ಮಾರ್ಚಿ 29ರಂದು. ತಂದೆತಾಯಿಗಳಿಬ್ಬರೂ ಗಾಲ್ಫ್ ಆಡಿದವರಲ್ಲ. ಒಂದು ದಿನ ತಿಂಡಿಗೆಂದು ಹೋಗಿದ್ದ ಉಪಾಹಾರಗೃಹದಿಂದ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಅಭ್ಯಾಸದ ಮೈದಾನ ಕಾಣುತ್ತಿತ್ತು. ಐದು ವರ್ಷದ ಮಗು ಅದನ್ನು ನೋಡಿ ತಾನೂ ಆಡುವೆನೆಂದಿತು. ಸಾಮಾನ್ಯವಾಗಿ ನಾವು ಹಿರಿಯರು ಅಂಥ ಮಾತಿಗೆ ‘ಆಗಲಿ, ಮುಂದೆ ನೋಡೋಣ’ ಎಂದು ಹೇಳಿ ಮರೆತುಬಿಡುತ್ತೇವೆ. ಅವರು ಮರೆಯಲಿಲ್ಲ, ಮಗುವಿನೊಡನೆ ತಾವೂ ದಾಂಡು ಹಿಡಿದರು.

2015ನೆಯ ಡಿಸೆಂಬರಿನಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ಮೊರಾಕೊ ದೇಶದಲ್ಲಿ ನಡೆದ ಲೇಡೀಸ್ ಯೂರೋಪಿಯನ್ ಟೂರಿನ ಅರ್ಹತಾಸ್ಪರ್ಧೆಯಲ್ಲಿ ಅದಿತಿ ಮೊದಲಿಗಳಾದಳು. ಮರುವರ್ಷದ ಮೊದಲ ದಿನದಿಂದಲೇ ವೃತ್ತಿಪರಳಾದಳು. ಶಾಲೆಯ ಕೊನೆಯ ಪರೀಕ್ಷೆ ಇನ್ನೂ ಮುಂದಿತ್ತು! ಆ ವರ್ಷ, ಎಂದರೆ 2016ರಲ್ಲಿ, ರಿಯೋ ಒಲಿಂಪಿಕ್ಸಿನಲ್ಲಿ ತಂದೆಯೇ ಚೀಲ ಹೊತ್ತು ನಡೆದರು. ಆಕೆಗೆ 41ನೆಯ ಸ್ಥಾನ ದೊರೆಯಿತು. ನವೆಂಬರಿನಲ್ಲಿ ಗುರುಗ್ರಾಮದ ಇಂಡಿಯನ್ ಓಪನ್ ಗೆದ್ದು, ಆ ಟೂರಿನಲ್ಲಿ ಜಯಗಳಿಸಿದ ಮೊದಲನೆಯ ಭಾರತೀಯಳೆನಿಸಿದಳು; ಬೆನ್ನಿಗೇ ಕತಾರಿನಲ್ಲಿಯೂ ಗೆದ್ದಳು. 2020ನೆಯ ಸಾಲಿನ ಅರ್ಜುನ ಪ್ರಶಸ್ತಿಯೂ ಬಂತು.

ಹೊರಗಿನಿಂದ ನೋಡುವವರಿಗೆ ಇದು ಸುಖದ ಬಾಳೆಂದು ತೋರಬಹುದು. ಆದರೆ ಈ ವೃತ್ತಿಯಲ್ಲಿ ತಿಂಗಳ ಸಂಬಳವೆಂಬುದಿಲ್ಲ. ವಾರಕ್ಕೊಂದು ದೇಶ, ಪ್ರಯಾಣದ ವೆಚ್ಚ ತನ್ನದು. ಹೆಚ್ಚಿನ ಪಂದ್ಯಗಳಲ್ಲಿ ಮೊದಲೆರಡು ದಿನಗಳ ಕೊನೆಗೆ ಹಿಂದೆ ಬಿದ್ದವರನ್ನು ಕೈಬಿಡುತ್ತಾರೆ. ಅಂಥವರು ಬಹುಮಾನದ ಹಣವಿಲ್ಲದೆ ಹೊರಡಬೇಕು. ಮೂವತ್ತು ವರ್ಷ ಮೊದಲನೆಯ ತಾರೀಖಿಗೆ ಸಂಬಳ ಎಣಿಸಿಕೊಂಡ ನನ್ನಂಥವನಿಗೆ ಅದನ್ನು ಕೇಳಿಯೇ ಎದೆ ಕುಸಿಯುತ್ತದೆ.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ಟೋಕಿಯೋ ಒಲಿಂಪಿಕ್ಸು ಒಂದು ವರ್ಷ ತಡವಾಗಿ 2021ರಲ್ಲಿ ನಡೆಯಿತಷ್ಟೆ. ಅದಕ್ಕೆ ಕೆಲವೇ ತಿಂಗಳ ಹಿಂದೆ ಅದಿತಿಗೆ ಕೋವಿಡ್ ತಗುಲಿ ಮೈಯ ಬಲ ಕುಗ್ಗಿತ್ತು. ಚೆಂಡು ಮೊದಲಿನಷ್ಟು ದೂರ ಹೋಗುತ್ತಿರಲಿಲ್ಲ. ಜಗತ್ತಿನ ಎಣಿಕೆಯಲ್ಲಿ ಆಕೆ 200ನೆಯವಳು. ಈ ಬಾರಿ ಚೀಲ ಹೊತ್ತವರು ತಾಯಿ ಮಹೇಶ್ವರಿಯವರು. ಆದರೂ ಮೂರು ದಿನಗಳ ಆಟ ಮುಗಿದಾಗ ಅದಿತಿ ಎರಡನೆಯ ಸ್ಥಾನದಲ್ಲಿದ್ದಳು. ಮಳೆ ಬಂದು ನಾಲ್ಕನೆಯ ದಿನದ ಆಟ ನಡೆಯದಿದ್ದರೆ ಬೆಳ್ಳಿಯ ಪದಕ ಕೈಸೇರುವುದೆಂಬ ಸುದ್ದಿ ಹಬ್ಬಿತು.

ಆಗಸ್ಟ್ 7ರ ಬೆಳಗಿನ ಜಾವ. ನಮ್ಮ ಮನೆಯವರು ಒಲೆ ಹೊತ್ತಿಸುವ ಮೊದಲೇ ನಾನು ದೂರದರ್ಶನದ ಮುಂದೆ ಕುಳಿತಿದ್ದೆ. ಆಟದ ಮರ್ಮ ತಿಳಿಯದಿದ್ದರೂ, ಮಳೆ ಬರಲಿ ಎಂದು ಮನಸ್ಸು ಪ್ರಾರ್ಥಿಸುತ್ತಿತ್ತು. “ಆ ಮಗು ಆಡಬೇಕೆಂದು ಹೋಗಿದೆ, ನೀವು ಆಟ ನಿಲ್ಲಲಿ ಎನ್ನುತ್ತೀರಲ್ಲ!” ಎಂದು ಆಕೆ ಗದರಿದಳು. ಕೆಲವೇ ಗುಳಿಗಳು ಉಳಿದಿರುವಾಗ ಸಿಡಿಲಿನ ಭಯದಿಂದ ಆಟವನ್ನು ತುಸು ಹೊತ್ತು ನಿಲ್ಲಿಸಿದ್ದೂ ಉಂಟು, ಮತ್ತೆ ಮೊದಲಾಯಿತು. ಕೊನೆಯ ಗುಳಿಯಲ್ಲಿ ಅದಿತಿ ಉರುಳಿಸಿದ ಚೆಂಡು ಒಳಗೆ ಬಿದ್ದಿದ್ದರೆ ಪದಕದ ಆಸೆ ಉಳಿಯುತ್ತಿತ್ತು. ಬೀಳಲಿಲ್ಲ, ಪಕ್ಕದಲ್ಲಿ ಸರಿದುಹೋಯಿತು. ನಾಲ್ಕು ದಿನಗಳಲ್ಲಿ 67, 66, 68, 68: ಒಟ್ಟು 269. ಅಮೆರಿಕದ ನೆಲ್ಲಿ ಕೋರ್ಡಾ 267ರಿಂದ ಚಿನ್ನ ಪಡೆದರು. ಜಪಾನಿನ ಮೋನೆ ಇನಾಮಿ, ನ್ಯೂಜಿಲೆಂಡಿನ ಲಿಡಿಯಾ ಕೋ ಇಬ್ಬರದೂ 268. ಹೆಚ್ಚಿನ ಆಟವಾಡಿಸಿ ಬೆಳ್ಳಿ ಕಂಚುಗಳನ್ನು ಹಂಚಿದರು. ಚಿನ್ನಕ್ಕೂ ಆಕೆಗೂ ಎರಡು ಹೊಡೆತ; ಕಂಚಿಗೂ ಆಕೆಗೂ ಒಂದೇ ಹೊಡೆತ.

ಅದೇ ಸಂಜೆ ನೀರಜ್ ಚೋಪ್ರಾ ಭರ್ಜಿಯೆಸೆತದಲ್ಲಿ ಚಿನ್ನ ಗೆದ್ದರು. ನಮ್ಮ ಬೀದಿಯ ಹುಡುಗರು ಪಟಾಕಿ ಸುಟ್ಟರು; ನಾನೂ ಬಾಗಿಲಿಗೆ ಬಂದು ಕೈತಟ್ಟಿದೆ. ಅದು ನ್ಯಾಯವಾದ ಹಿಗ್ಗು. ಆದರೆ ಒಳಗೆ ಬಂದು ಕುಳಿತಾಗ ಬೇರೊಂದು ಮುಖ ಕಣ್ಣಮುಂದೆ ಬಂತು.

ಸುಮಾರು ಇಪ್ಪತ್ತೈದು ವರ್ಷದ ಹಿಂದೆ, ತಾಲ್ಲೂಕು ಕ್ರೀಡಾಕೂಟಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗುವ ಹೊಣೆ ನನ್ನ ಪಾಲಿಗೆ ಬಂದಿತ್ತು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು 800 ಮೀಟರು ಓಟವನ್ನು ಬರಿಗಾಲಿನಲ್ಲಿ ಓಡಿ ನಾಲ್ಕನೆಯವಳಾಗಿ ಬಂದಳು. ಹಿಂದಿರುಗುವಾಗ ಬಸ್ಸಿನಲ್ಲಿ ನಾನು ಫಲಿತಾಂಶಗಳನ್ನು ಪುಸ್ತಕದಲ್ಲಿ ಬರೆಯುತ್ತಿದ್ದೆ. ಆಕೆ ಬಗ್ಗಿ ನೋಡಿ, “ನನ್ನ ಹೆಸರು ಬರೀಲಿಲ್ವಾ ಸಾರ್?” ಎಂದಳು. “ಮೂರರೊಳಗೆ ಬಂದರೆ ಲೆಕ್ಕ, ನಾಲ್ಕನೆಯದಕ್ಕೆ ಹೆಸರೇನಮ್ಮ?” ಎಂದೆ. ಗದರಿ ಹೇಳಿದ್ದಲ್ಲ; ನಗುನಗುತ್ತಲೇ ಹೇಳಿದ್ದು. ಮರುವರ್ಷ ಆಕೆ ಓಡಲಿಲ್ಲ. ಕಾರಣ ಕೇಳಬೇಕೆಂದು ನನಗೆ ತೋರಲೂ ಇಲ್ಲ. ಫಲದ ಮೇಲಲ್ಲ, ಕರ್ಮದ ಮೇಲೆ ಮಾತ್ರ ಅಧಿಕಾರವೆಂಬ ಗೀತೆಯ ಬೋಧೆಯನ್ನು ಕರಿಹಲಗೆಯ ಮೇಲೆ ಬರೆದು ಪ್ರತಿಪದಾರ್ಥ ಹೇಳಿಸುತ್ತಿದ್ದವನು ನಾನೇ!

ಅದಿತಿಯ ಕಥೆ ಅಲ್ಲಿಗೆ ನಿಲ್ಲಲಿಲ್ಲ. 2023ನೆಯ ಫೆಬ್ರವರಿಯಲ್ಲಿ ಕೀನ್ಯಾದಲ್ಲಿ ಗೆದ್ದಳು. ಅದೇ ವರ್ಷ ಚೀನಾದ ಹಾಂಗ್‌ಝೌ ಏಷ್ಯಾ ಕ್ರೀಡೆಗಳಲ್ಲಿ ಮೂರನೆಯ ದಿನ 61 ಹೊಡೆತಗಳಲ್ಲೇ ಮುಗಿಸಿ, ಏಳು ಹೊಡೆತಗಳಷ್ಟು ಮುಂದೆ ನಿಂತಳು. ಮಾರನೆಯ ದಿನ 77! ಚಿನ್ನ ಜಾರಿ ಬೆಳ್ಳಿ ಉಳಿಯಿತು. ಆ ಕೂಟದ ಗಾಲ್ಫಿನಲ್ಲಿ ಪದಕ ಪಡೆದ ಮೊದಲ ಭಾರತೀಯ ಮಹಿಳೆ ಆಕೆಯೇ. ಬೇರೊಬ್ಬರಾದರೆ ಆ ಒಂದು ದಿನವನ್ನೇ ನೆನೆದು ಕೊರಗುತ್ತಿದ್ದರೇನೋ. ಎರಡು ತಿಂಗಳೊಳಗೆ ಆಕೆ ಸ್ಪೇನಿನ ಓಪನ್ ಗೆದ್ದಳು. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 29ನೆಯ ಸ್ಥಾನ. ಸೋತ ಮರುದಿನವೂ ಚೀಲ ಹೊರಿಸಿ ಹೊರಡುವುದೇ ಈ ವೃತ್ತಿಯ ಧರ್ಮವೆಂದು ತೋರುತ್ತದೆ.

ಹೋದ ವರ್ಷ ಚನ್ನರಾಯಪಟ್ಟಣದ ಕಡೆ ಒಂದು ಮದುವೆಗೆ ಹೋಗಿದ್ದಾಗ, ನನ್ನ ಆ ಶಿಷ್ಯೆ ಸಮೀಪದ ಹಳ್ಳಿಯಲ್ಲೇ ಇರುವಳೆಂದು ತಿಳಿದು ಹುಡುಕಿಕೊಂಡು ಹೋದೆ. ಕೊಟ್ಟಿಗೆಯಿಂದ ಕೈತೊಳೆದುಕೊಂಡು ಬಂದಳು; ಗುರುತು ಹಿಡಿದು ನಮಸ್ಕರಿಸಿ ಕಾಫಿ ಕೊಟ್ಟಳು. ಬಸ್ಸಿನಲ್ಲಿ ಆಡಿದ ಮಾತನ್ನು ನೆನಪಿಸಿ, “ತಪ್ಪಾಯಿತಮ್ಮ” ಎಂದೆ. “ಅಯ್ಯೋ, ಬಿಡಿ ಸಾರ್, ಯಾವ ಕಾಲದ್ದು!” ಎಂದು ನಕ್ಕಳು. ಹೊರಡುವಾಗ ಬಾಗಿಲವರೆಗೆ ಬಂದು, ನಾನು ಕೇಳದಿದ್ದರೂ ಹೇಳಿದಳು: “ಮೂರನೆಯವಳಿಗೂ ನನಗೂ ಒಂದೇ ಮಾರು ಸಾರ್.” ಎರಡು ತೋಳುಗಳನ್ನೂ ಚಾಚಿ ತೋರಿಸಿದಳು.

ಈ ವರ್ಷ ಹಾಸನದ ಒಂದು ಶಾಲೆಯವರು ಬಹುಮಾನ ಹಂಚುವುದಕ್ಕೆ ನನ್ನನ್ನು ಕರೆದರು. ನಾಲ್ಕನೆಯವರಿಗೆಂದು ಕೆಲವು ಪುಸ್ತಕಗಳನ್ನು ನಾನೇ ಕೊಂಡೊಯ್ದಿದ್ದೆ. ಮುಖ್ಯೋಪಾಧ್ಯಾಯರು ತಿಳಿದವರು. “ಹಾಗಾದರೆ ಐದನೆಯವರಿಗೆ ಏನು ಹೇಳೋಣ, ಮೇಷ್ಟ್ರೇ?” ಎಂದರು. ಮಾತು ಸರಿಯಾದದ್ದೇ, ಉತ್ತರ ನನ್ನಲ್ಲಿರಲಿಲ್ಲ. ಕಡೆಗೆ, ಓಡಿದವರೆಲ್ಲರ ಹೆಸರನ್ನೂ ಒಮ್ಮೆ ಗಟ್ಟಿಯಾಗಿ ಓದಿಸಿರೆಂದು ಕೇಳಿಕೊಂಡೆ. ಓದಿಸಿದರು. ಎಲ್ಲ ಸೇರಿ ಐದು ನಿಮಿಷವೂ ಹಿಡಿಯಲಿಲ್ಲ.