ಕವರಿನ ಮೇಲಿನ ಠಸ್ಸೆ

ಕಾಗದ ಬಂದರೆ ಮನೆಯವರೆಲ್ಲ ಒಳಗಿನ ಸುದ್ದಿ ಕೇಳುತ್ತಿದ್ದರು. ನನಗೆ ಮೊದಲು ಕವರು ಬೇಕು. ಸ್ಟಾಂಪನ್ನು ನೀರಿನಲ್ಲಿ ನೆನೆಸಿ ಬಿಡಿಸಿಕೊಳ್ಳುವ ಹುಡುಗರ ಚಟವಲ್ಲ ನನ್ನದು. ಸ್ಟಾಂಪು, ಅದರ ಮೇಲೆ ಬಿದ್ದ ಠಸ್ಸೆ, ವಿಳಾಸದ ಕೈಬರಹ ಮೂರೂ ಒಟ್ಟಿಗಿರಬೇಕು. ದ್ವೀಪದಿಂದ ಬಂದದ್ದಾದರಂತೂ ಸರಿಯೇ ಸರಿ. "ರದ್ದಿಯವನಿಗೂ ಬೇಡದ್ದು ಇವಳಿಗೆ ಬೇಕು" ಎಂದು ಅತ್ತೆಯವರು ರಾಜಾಜಿನಗರದ ನಮ್ಮ ಬೀದಿಗೆಲ್ಲ ಕೇಳುವಂತೆ ಹೇಳುತ್ತಿದ್ದರು.

ಶುರುವಾದದ್ದು 1998ರಲ್ಲಿ, ಭಾವನಿಗೆ ಗ್ರೇಟ್ ನಿಕೋಬಾರಿನ ಕ್ಯಾಂಪ್‌ಬೆಲ್ ಬೇಗೆ ವರ್ಗವಾದಾಗ. ನಮ್ಮದು 560010, ಅಕ್ಕನದು 744302. ಸಮುದ್ರ ದಾಟಿ ಸುಮಾರು ಎರಡು ಸಾವಿರ ಕಿಲೋಮೀಟರು ಬರುವ ಕವರಿಗೂ ಪಕ್ಕದ ವಿಜಯನಗರದಿಂದ ಬರುವ ಕವರಿಗೂ ಒಂದೇ ದರ ಎನ್ನುವುದು ನನಗೆ ಈಗಲೂ ಸೋಜಿಗ.

ಆಮೇಲೆ ಬೇರೆ ದ್ವೀಪಗಳ ಹುಚ್ಚೂ ಹಿಡಿಯಿತು. ಅಟ್ಲಾಂಟಿಕ್ ಸಾಗರದ ನಡುವೆ ಟ್ರಿಸ್ಟನ್ ಡ ಕುನ್ಹಾ ಎಂಬ ಪುಟ್ಟ ದ್ವೀಪವಿದೆ. ತಮಗೂ ಸ್ವಂತ ಸ್ಟಾಂಪು ಬೇಕೆಂದು 1946ರಲ್ಲಿ ಅಲ್ಲಿಂದ ಹೋದ ಮನವಿಯ ಜೊತೆಗಿದ್ದ ಮಾದರಿ ಚೀಟಿಯಲ್ಲಿ ಬೆಲೆ ಏನಿತ್ತು ಗೊತ್ತೇ? ಒಂದು ಪೆನಿ ಅಥವಾ ನಾಲ್ಕು ಆಲೂಗಡ್ಡೆ! ಸಂಸಾರ ತೂಗಿಸಿದವರಿಗೆ ಈ ಲೆಕ್ಕ ಚೆನ್ನಾಗಿ ಅರ್ಥವಾಗುತ್ತದೆ. ನಿಜವಾದ ಸ್ಟಾಂಪು ಅವರಿಗೆ ಸಿಕ್ಕಿದ್ದು 1952ರಲ್ಲಿ. ಅಷ್ಟು ದೂರವೇಕೆ, ಲಕ್ಷದ್ವೀಪದ ಅಮಿನಿ, ಕಡ್ಮತ್ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಮಂಗಳೂರಿನ ಓರಗಿತ್ತಿ ಇದನ್ನು ಹೇಳಿದ ಮೇಲೆ ಅವಳಿಂದಲೇ ಅಮಿನಿಯ ಕವರೊಂದನ್ನು ಗಿಟ್ಟಿಸಿಕೊಂಡೆ.

2004ರ ಡಿಸೆಂಬರ್ 26ರಂದು ಸುನಾಮಿ ಬಂತು. ಅಕ್ಕನಿದ್ದ ದ್ವೀಪದ ತುದಿಯ ಇಂದಿರಾ ಪಾಯಿಂಟಿನಲ್ಲಿ ನೆಲ ನಾಲ್ಕು ಮೀಟರಿಗೂ ಹೆಚ್ಚು ಕುಸಿದಿತ್ತು ಎಂದು ತಿಳಿದದ್ದು ಆಮೇಲೆ. ಆಗ ಫೋನೂ ಇಲ್ಲ, ಸುದ್ದಿಯೂ ಇಲ್ಲ. 30ನೇ ತಾರೀಖು ಅಕ್ಕನ ಕವರು ಬಂತು. ಅತ್ತೆಯವರು ತುಪ್ಪದ ದೀಪ ಹಚ್ಚಿದರು. ಅಮ್ಮ ಕೆಂಗೇರಿಯಿಂದ ಆಟೋ ಮಾಡಿಕೊಂಡು ಬಂದು, ಕಾಗದವನ್ನು ಕಣ್ಣಿಗೊತ್ತಿಕೊಂಡು ಅತ್ತಳು. ನಿಕೋಬಾರಿನಿಂದ ನಾಲ್ಕು ದಿನಕ್ಕೆ ಕಾಗದ ಬಂದೀತೇ ಎಂದು ಯಾರೂ ಲೆಕ್ಕ ಹಾಕಲಿಲ್ಲ. ಕಾಗದಕ್ಕೆ ತಾರೀಖು ಹಾಕುವ ಅಭ್ಯಾಸ ಅಕ್ಕನಿಗೆ ಮೊದಲಿನಿಂದಲೂ ಇಲ್ಲ. ಒಳಗಿದ್ದದ್ದು ಇಷ್ಟೇ: ಸಂಕ್ರಾಂತಿಗೆ ಎಳ್ಳುಬೆಲ್ಲ ಕಳಿಸಬೇಡಿ, ಇರುವೆ ಮುತ್ತುತ್ತದೆ.

ಠಸ್ಸೆ ನೋಡಿದವಳು ನಾನೊಬ್ಬಳೇ. 18 ಡಿಸೆಂಬರ್.

ಕವರನ್ನು ಸೆರಗಿನೊಳಗೆ ಮುಚ್ಚಿಕೊಂಡೆ. ರಾತ್ರಿ ಇವರಿಗೆ ತೋರಿಸಿದಾಗ ಬಹಳ ಹೊತ್ತು ಸುಮ್ಮನಿದ್ದು, "ನಿಮ್ಮಮ್ಮ ಇವತ್ತು ಊಟ ಮಾಡಿದ್ದಾರೆ, ಇರಲಿ ಬಿಡು" ಎಂದರು. ಏಳು ದಿನ ಅಮ್ಮ ನಮ್ಮಲ್ಲೇ ಉಳಿದಳು. ಬಂದವರಿಗೆಲ್ಲ ಆ ಕಾಗದ ಓದಿ ಹೇಳಿದಳು. ಕವರೆಲ್ಲಿ ಎಂದು ಒಮ್ಮೆಯೂ ಕೇಳಲಿಲ್ಲ. ನಾನು ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತ ಕೂತಿರುತ್ತಿದ್ದೆ. ಎಂಟನೇ ದಿನ ಪೋರ್ಟ್ ಬ್ಲೇರಿನಿಂದ ಭಾವನ ಫೋನು ಬಂತು. ಇಬ್ಬರೂ ಗುಡ್ಡ ಹತ್ತಿ ಉಳಿದಿದ್ದರು. "ಅದೇನು ಹೊಸ ಸುದ್ದಿ, ಕಾಗದ ಬಂದಿತ್ತಲ್ಲ" ಎಂದಳು ಅಮ್ಮ.

ಆ ಕವರು ಅಮ್ಮ ಇರುವವರೆಗೂ ಟ್ರಂಕಿನ ತಳದಲ್ಲಿತ್ತು. 2024ರಲ್ಲಿ ಪೋರ್ಟ್ ಬ್ಲೇರ್ ಶ್ರೀ ವಿಜಯ ಪುರಂ ಆಯಿತು. ಆ ಹೆಸರಿನ ಠಸ್ಸೆ ನನಗಿನ್ನೂ ಸಿಕ್ಕಿಲ್ಲ. ಅಕ್ಕ ಈಗ ಬಸವೇಶ್ವರನಗರದಲ್ಲೇ ಇದ್ದಾಳೆ. ಕಾಗದ ಬರೆಯುವುದಿಲ್ಲ, ದಿನಾ ಬೆಳಿಗ್ಗೆ ವಾಟ್ಸಾಪಿನಲ್ಲಿ ಗುಲಾಬಿ ಹೂವು ಕಳಿಸುತ್ತಾಳೆ.