ಕಿವಿಗೊಡುವವರು

‘ಡೈರೆಕ್ಟರ್’ ಎಂಬ ಇಂಗ್ಲಿಷ್ ಮಾತಿಗೆ ನಮ್ಮಲ್ಲಿ ಸಿಕ್ಕಿರುವ ಮರ್ಯಾದೆ ಕಡಮೆಯದಲ್ಲ. ಸಹಕಾರಿ ಬ್ಯಾಂಕಿಗೆ ಡೈರೆಕ್ಟರು, ಸಕ್ಕರೆ ಕಾರ್ಖಾನೆಗೆ ಡೈರೆಕ್ಟರು, ಇಲಾಖೆಗೊಬ್ಬ ಡೈರೆಕ್ಟರು. ಸಿನಿಮಾಕ್ಕಂತೂ ಅವರೇ ಬ್ರಹ್ಮ. ಇವರೆಲ್ಲರಿಗೂ ಸಮಾನವಾದ ಗುಣ ಒಂದುಂಟು: ಹೇಳುವುದು ಅವರ ಕೆಲಸ, ಕೇಳುವುದು ನಮ್ಮ ಕೆಲಸ. ಕ್ರೈಸ್ತರಲ್ಲಿ ‘ಸ್ಪಿರಿಚುಯಲ್ ಡೈರೆಕ್ಟರ್’ ಎಂಬವರೊಬ್ಬರು ಇರುತ್ತಾರೆ ಎಂದರೆ, ಅದೂ ಇಂಥದೇ ಒಂದು ಹುದ್ದೆ, ಆತ್ಮಕ್ಕೊಂದು ಆಡಳಿತ ಮಂಡಳಿ, ಎಂದು ವಾಚಕರು ಊಹಿಸಿಕೊಂಡರೆ ತಪ್ಪೇನೂ ಇಲ್ಲ.

ಆದರೆ ಅಲ್ಲಿ ಕೆಲಸ ಅದಲುಬದಲು. ಹೇಳುವವನು ಬಂದವನು, ಕೇಳುವವರು ಡೈರೆಕ್ಟರು. ತಿಂಗಳಿಗೋ ಆರು ವಾರಕ್ಕೋ ಒಮ್ಮೆ ಹೋಗಿ, ಒಂದು ಗಂಟೆಯ ಹೊತ್ತು ಅವರೆದುರು ಕುಳಿತು, ಈಚೆಗೆ ತನ್ನ ಪ್ರಾರ್ಥನೆ ಹೇಗೆ ನಡೆದಿದೆ, ದೇವರು ಹತ್ತಿರವಿದ್ದಂತೆ ತೋರಿತೇ, ದೂರವೇ, ಅಥವಾ ಏನೂ ತೋರಲಿಲ್ಲವೇ ಎಂಬುದನ್ನು ಹೇಳಿಕೊಳ್ಳುವುದು. ಪಾಪನಿವೇದನೆ ಬೇರೆ. ಅದಕ್ಕೆ ಪಾದ್ರಿಯೇ ಆಗಬೇಕು. ಅಲ್ಲಿ ಕ್ಷಮೆಯ ಮಾತು ಮುಖ್ಯ. ಇದಕ್ಕಾದರೆ ಸಂನ್ಯಾಸಿನಿಯೂ ಆದೀತು, ಸಂಸಾರಿಯೂ ಆದೀತು. ‘ಡೈರೆಕ್ಟರ್’ ಎಂಬ ಹೆಸರು ಅವರಲ್ಲಿಯೇ ಹಲವರಿಗೆ ಹಿಡಿಸದೆ, ಈಗೀಗ ಜೊತೆಗಾರ ಎಂಬ ಅರ್ಥದ ಮಾತನ್ನು ಬಳಸುತ್ತಾರೆ. ಕನ್ನಡದಲ್ಲಿ ‘ಆಧ್ಯಾತ್ಮಿಕ ನಿರ್ದೇಶಕ’ ಎಂದೊಡನೆ ಸರ್ಕಾರಿ ಸುತ್ತೋಲೆಯ ವಾಸನೆ ಬಡಿಯುತ್ತದೆ. ‘ಗುರು’ ಎಂದರೆ ಪೀಠ, ಪಾದುಕೆ, ಮೆರವಣಿಗೆ ಎಲ್ಲ ಹಿಂದೆಯೇ ಬಂದುಬಿಡುತ್ತವೆ. ‘ಒಡನಾಡಿ’ ಎಂದರೆ ಸರಿಹೋದೀತೆಂದು ನನಗೆ ತೋರುತ್ತದೆ.

ಇದು ಇಂದು ನಿನ್ನೆಯ ಪದ್ಧತಿಯಲ್ಲ. ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರಳುಗಾಡಿಗೆ ಹೋಗಿ ನೆಲಸಿದ ಸಂನ್ಯಾಸಿಗಳಲ್ಲಿ ಕಿರಿಯನು ಹಿರಿಯನ ಗುಡಿಸಲಿಗೆ ಹೋಗಿ ತನ್ನ ಮನಸ್ಸಿನಲ್ಲಿ ಸುಳಿದದ್ದನ್ನೆಲ್ಲ ಬಿಚ್ಚಿ ಹೇಳುತ್ತಿದ್ದನು. ಹಿರಿಯನಿಗೆ ‘ಅಬ್ಬಾ’ ಎಂದು ಹೆಸರು, ಹಿರಿಯಳಾದರೆ ‘ಅಮ್ಮಾ’. ಎರಡನೆಯ ಹೆಸರನ್ನು ನಮಗೆ ಯಾರೂ ಅನುವಾದಿಸಿ ಹೇಳಬೇಕಾಗಿಲ್ಲ. ಹದಿನಾರನೆಯ ಶತಮಾನದಲ್ಲಿ, ಯೇಸುಸಭೆಯನ್ನು ಕಟ್ಟಿದ ಸ್ಪೇನಿನ ಇಗ್ನೇಷಿಯಸ್ ಲೊಯೋಲ, ಸಾಧನೆ ಮಾಡಿಸುವವನಿಗೆ ಒಂದು ಎಚ್ಚರಿಕೆ ಬರೆದಿಟ್ಟ: ಅವನು ಆ ಕಡೆಗೂ ವಾಲಬಾರದು, ಈ ಕಡೆಗೂ ವಾಲಬಾರದು, ತಕ್ಕಡಿಯ ಮುಳ್ಳಿನಂತೆ ನಡುವೆ ನಿಂತು, ಸೃಷ್ಟಿಕರ್ತನೂ ಅವನ ಜೀವವೂ ನೇರವಾಗಿ ವ್ಯವಹರಿಸುವುದಕ್ಕೆ ಎಡೆಗೊಡಬೇಕು. ಅದೇ ದೇಶದ, ಅದೇ ಶತಮಾನದ ಯೋಹಾನನೆಂಬ ಸಂತ ಕವಿ ಇನ್ನೂ ಖಾರವಾಗಿ ಬರೆದಿದ್ದಾನೆ. ನಿಜವಾದ ದಾರಿಕಾರ ಪವಿತ್ರಾತ್ಮವೇ. ಕುರುಡು ಮಾರ್ಗದರ್ಶಕರು ಅದರ ಕೆಲಸಕ್ಕೆ ಅಡ್ಡಬಂದು ಸೂಕ್ಷ್ಮವಾದ ಜೀವಗಳನ್ನು ಕೆಡಿಸುತ್ತಾರೆಂಬುದು ಅವನ ಸಿಟ್ಟು. ಅವನು ಆವಿಲಾದ ತೆರೇಸಳಿಗಿಂತ ೨೭ ವರ್ಷ ಚಿಕ್ಕವನು, ಆದರೂ ಆಕೆಯ ಮಠಕ್ಕೆ ಪಾಪನಿವೇದನೆ ಕೇಳುವ ಗುರುವಾಗಿ ಬಂದ. ವಯಸ್ಸಿನ ಲೆಕ್ಕ ಅಲ್ಲಿ ನಡೆಯುವುದಿಲ್ಲವೆಂದು ಕಾಣುತ್ತದೆ.

ಕನ್ನಡ ಕಾವ್ಯ, ಕಾಲೇಜಿನ ಪಾಠ, ಪಿಂಚಣಿ ಎಂದು ಬದುಕಿದ ನನಗೆ ಈ ಗೊಡವೆ ಏಕೆ ಬಂತೆಂದು ಹೇಳಬೇಕು.

ನಮ್ಮ ಮನೆಯಲ್ಲಿ ಮೂವತ್ತು ವರ್ಷ ಸಂಜೆ ಏಳು ಗಂಟೆಗೆ ಕುಮಾರವ್ಯಾಸನನ್ನು ಓದುತ್ತಿದ್ದೆವು. ಓದುತ್ತಿದ್ದೆವು ಎಂದರೆ, ನನ್ನ ಹೆಂಡತಿ ಹಾಡುತ್ತಿದ್ದಳು, ನಾನು ಅರ್ಥ ಹೇಳುತ್ತಿದ್ದೆ. ಕೇಳುವವರು ಮಕ್ಕಳು ಇದ್ದಷ್ಟು ದಿನ ಮಕ್ಕಳು, ಆಮೇಲೆ ಪಕ್ಕದ ಮನೆಯ ಅಜ್ಜಿ, ಅವರು ಹೋದ ಮೇಲೆ ಯಾರೂ ಇಲ್ಲ. ಆದರೂ ಓದು ನಿಲ್ಲಲಿಲ್ಲ. ಅದು ನಮ್ಮ ಪೂಜೆ; ಬೇರೆ ಪೂಜೆ ನನಗೆ ಬಾರದು. ನಾಲ್ಕು ವರ್ಷದ ಹಿಂದೆ ಅವಳು ತೀರಿಕೊಂಡಳು. ಉದ್ಯೋಗಪರ್ವದ ನಡುವೆ ಒಂದು ಬಸ್ ಟಿಕೆಟ್ಟು ಗುರುತಿಗೆ ಇಟ್ಟಿದ್ದಳು. ಪುಸ್ತಕ ತೆರೆದರೆ ಬಾಯಿ ಏಳದು. ಮುಚ್ಚಿದರೆ ಏಳು ಗಂಟೆ ಕಳೆಯದು. ಬಂದ ನೆಂಟರು ಗೀತೆಯ ಎರಡನೆಯ ಅಧ್ಯಾಯ ಹೇಳಿದರು, ಕಾಶಿಗೆ ಹೋಗಿಬನ್ನಿ ಎಂದರು, ಒಬ್ಬರು ಬೆಳಗಿನ ವಾಯುವಿಹಾರ ಸೂಚಿಸಿದರು. ಎಲ್ಲರೂ ಒಳ್ಳೆಯವರೇ. ದೇವರು ಇದ್ದಾನೋ ಇಲ್ಲವೋ ಎಂಬುದು ನನ್ನ ಕಷ್ಟವಾಗಿರಲಿಲ್ಲ. ಇದ್ದರೂ ಅವನೊಡನೆ ಮಾತಾಡುವ ಭಾಷೆ ಅವಳ ಗಂಟಲಿನಲ್ಲಿತ್ತು, ಅದು ಹೋಯಿತು ಎಂಬುದು ಕಷ್ಟ. ಇದನ್ನು ಯಾರ ಮುಂದೆ ಹೇಳುವುದು?

ನಮ್ಮ ಕಾಲೇಜಿನಲ್ಲಿ ಇತಿಹಾಸ ಹೇಳುತ್ತಿದ್ದ ಕ್ರೈಸ್ತ ಸ್ನೇಹಿತರೊಬ್ಬರಿದ್ದಾರೆ. ಅವರು ಸಮಾಧಾನದ ಮಾತಾಡಲಿಲ್ಲ. ಎರಡು ಹಳೆಯ ಪುಸ್ತಕ ತಂದುಕೊಟ್ಟು ಕಾಫಿ ಕುಡಿದು ಹೋದರು. ಒಂದು, ಬ್ಯಾರನ್ ಫ್ರೀಡ್ರಿಕ್ ಫಾನ್ ಹ್ಯೂಗೆಲ್ ಎಂಬವರು ‘ನೀಸ್’ ಒಬ್ಬಳಿಗೆ ಬರೆದ ಪತ್ರಗಳು, ೧೯೨೮ರಲ್ಲಿ ಅಚ್ಚಾದದ್ದು. (ನೀಸ್ ಎಂದರೆ ಹೆಂಡತಿಯ ಸೋದರಿಯ ಮಗಳು. ಇಂಗ್ಲಿಷರು ಇಷ್ಟು ದೊಡ್ಡ ಸಾಮ್ರಾಜ್ಯ ಆಳಿದರೂ ನಂಟಿನ ಹೆಸರುಗಳಲ್ಲಿ ಬಡವರು.) ಇನ್ನೊಂದು, ಈವ್ಲಿನ್ ಅಂಡರ್‌ಹಿಲ್ ಬರೆದ ಪತ್ರಗಳು, ಆಕೆ ತೀರಿಕೊಂಡ ಎರಡು ವರ್ಷಕ್ಕೆ, ೧೯೪೩ರಲ್ಲಿ ಬಂದದ್ದು.

ಅಂಡರ್‌ಹಿಲ್ ಹೆಸರು ನಮಗೆ ತೀರ ಅಪರಿಚಿತವಲ್ಲ. ರವೀಂದ್ರನಾಥ ಠಾಕೂರರು ಕಬೀರನ ನೂರು ಪದಗಳನ್ನು ಇಂಗ್ಲಿಷಿಗೆ ತಂದಾಗ ನೆರವಾಗಿ ಮುನ್ನುಡಿ ಬರೆದವರು ಆಕೆ. ೧೯೧೫ರ ಪುಸ್ತಕ ಅದು. ಅದಕ್ಕೆ ಮೊದಲೇ, ೧೯೧೧ರಲ್ಲಿ, ಅನುಭಾವವನ್ನು ಕುರಿತ ಆಕೆಯ ದೊಡ್ಡ ಗ್ರಂಥ ಹೊರಬಂದು ಹೆಸರಾಗಿತ್ತು. ದೇವರ ವಿಷಯವಾಗಿ ಇಂಗ್ಲೆಂಡಿನ ಓದುಗರು ಆಕೆಯನ್ನು ಕೇಳುತ್ತಿದ್ದರು. ಹೀಗಿದ್ದಾಕೆ ೧೯೨೧ರಲ್ಲಿ, ತಮ್ಮ ೪೫ನೆಯ ವಯಸ್ಸಿನಲ್ಲಿ, ಬ್ಯಾರನ್ನರಿಗೆ ಬರೆದು, ತಮ್ಮನ್ನು ನಡೆಸಬೇಕೆಂದು ಕೇಳಿಕೊಂಡರು. ಬರೆದ ಪುಸ್ತಕ ಸಾಲದೆ ಹೋಯಿತು. ಮೂವತ್ತೈದು ವರ್ಷ ಕಾವ್ಯಕ್ಕೆ ಅರ್ಥ ಹೇಳಿದವನಿಗೆ ಇದು ಎಲ್ಲಿ ತಾಗಿತೆಂದು ಬೇರೆ ಹೇಳಬೇಕಾಗಿಲ್ಲ.

ಬ್ಯಾರನ್ನರು ಪಾದ್ರಿಯಲ್ಲ, ಹೆಂಡತಿ ಮಕ್ಕಳಿದ್ದ ಗೃಹಸ್ಥರು. ೧೮೫೨ರಲ್ಲಿ ಫ್ಲಾರೆನ್ಸಿನಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲಸಿದವರು. ಜಿನೋವಾದ ಸಂತ ಕ್ಯಾಥರೀನಳ ಮೇಲೆ ಎರಡು ದಪ್ಪ ಸಂಪುಟ ಬರೆದ ವಿದ್ವಾಂಸರು, ಬಿಡುವಿನಲ್ಲಿ ಭೂಗರ್ಭಶಾಸ್ತ್ರ. ಕೆನ್ಸಿಂಗ್‌ಟನ್ ತೋಟದಲ್ಲಿ ಪುಟ್ಟ ನಾಯಿಯೊಂದನ್ನು ಹಿಡಿದುಕೊಂಡು ತಿರುಗಾಡುತ್ತಿದ್ದರು. ಅವರ ವಿಷಯದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೊಂದು ಸಂಗತಿ. ೧೮೭೦ರಲ್ಲಿ, ಹದಿನೆಂಟರ ಹರೆಯದಲ್ಲಿ, ಟೈಫಸ್ ಜ್ವರ ಬಂದು ಅವರ ಕಿವಿ ಮಂದವಾಯಿತು. ಜೀವಮಾನವೆಲ್ಲ ಹಾಗೆಯೇ ಉಳಿಯಿತು. ಕಿವಿ ಚುರುಕಾಗಿದ್ದ ಸಾವಿರಾರು ಜನರಿದ್ದ ಊರಿನಲ್ಲಿ, ಹೇಳಿಕೊಳ್ಳಬೇಕಾದವರು ಹುಡುಕಿಕೊಂಡು ಹೋದದ್ದು ಈ ಕಿವುಡರನ್ನು.

ಅನುಭಾವದ ಪಂಡಿತೆಗೆ ಅವರು ಅನುಭಾವದ ಪಾಠ ಹೇಳಲಿಲ್ಲ. ಆಕೆಯ ಭಕ್ತಿ ತೀರ ಬುದ್ಧಿಯಲ್ಲಿದೆ, ನೆಲಕ್ಕೆ ಕಾಲು ಊರಿಲ್ಲ ಎಂದು ಅವರಿಗೆ ಕಂಡಿತು. ವಾರದಲ್ಲಿ ಇಷ್ಟು ಹೊತ್ತು ಬಡವರ ಮನೆಗಳಿಗೆ ಹೋಗಿ ಕುಳಿತುಬಾ ಎಂದರು. ನಿನ್ನ ಚರ್ಚಿನಲ್ಲಿ ಎಲ್ಲರೊಂದಿಗೆ ಮೊಣಕಾಲೂರು ಎಂದರು. ಧರ್ಮಕ್ಕೆ ಸಂಬಂಧಪಡದ ಆಸಕ್ತಿಗಳನ್ನು ಬಿಡಬೇಡ, ಪ್ರಾರ್ಥನೆಯನ್ನು ಅತಿಮಾಡಬೇಡ ಎಂದರು. ಆಕೆ ಆಗಾಗ ತಮ್ಮ ಮನಸ್ಸಿನ ಜಮಾಖರ್ಚನ್ನು ಬರೆದು ಕಳುಹಿಸುವರು. ಅವರು ತಿದ್ದಿ ಉತ್ತರ ಬರೆಯುವರು. ೧೯೨೫ರ ಜನವರಿಯಲ್ಲಿ ಅವರು ತೀರಿಕೊಳ್ಳುವವರೆಗೆ ಇದು ನಡೆಯಿತು.

ನನಗೆ ಬಹಳ ಹಿಡಿಸಿದ್ದು ಒಣಗಿದ ಕಾಲವನ್ನು ಕುರಿತು ಅವರು ಪತ್ರಗಳಲ್ಲಿ ಹೇಳಿರುವುದು. ಮರಳುಗಾಡಿನಲ್ಲಿ ಪಯಣಿಸುವವನಿಗೆ ಬಿರುಗಾಳಿ ಎದ್ದು ಮರಳು ಕವಿದರೆ ಅವನು ಮುಂದಕ್ಕೆ ನುಗ್ಗುವುದಿಲ್ಲ. ಒಂಟೆಯಿಂದ ಇಳಿದು, ಬೋರಲು ಮಲಗಿ, ಮೇಲೆ ಹೊದಿಕೆ ಎಳೆದುಕೊಂಡು, ಗಾಳಿ ಹಾಯುವವರೆಗೆ ಇರುತ್ತಾನೆ. ಬೆಟ್ಟ ಹತ್ತುವವನು ಮಂಜು ಮುಸುಕಿದರೆ ಅಲ್ಲಿಯೇ ಬೀಡುಬಿಡುತ್ತಾನೆ. ಗೀತೆ ಹೇಳಿದ ನೆಂಟರಲ್ಲಿ ಯಾರೂ, ‘ಮಲಗಿಕೋ, ಗಾಳಿ ಹೋಗಲಿ’ ಎಂದಿರಲಿಲ್ಲ.

ಪುಸ್ತಕ ಹಿಂದಿರುಗಿಸಲು ಹೋದಾಗ ಸ್ನೇಹಿತರು, ‘ಈ ಊರಿನಲ್ಲಿಯೇ ಒಬ್ಬರು ಸಿಸ್ಟರ್ ಇದ್ದಾರೆ, ಬೇಕಾದರೆ ಹೋಗಿ’ ಎಂದರು. ಬೆಂಗಳೂರಿನಲ್ಲಿ ಇಂಥ ಆಶ್ರಮಗಳಿಗೆ ಕೊರತೆಯಿಲ್ಲ. ಸಿಸ್ಟರು ಮಂಗಳೂರಿನ ಕಡೆಯವರು. ಮನೆಮಾತು ಕೊಂಕಣಿ, ಕನ್ನಡ ನಮ್ಮದಕ್ಕಿಂತ ಶುದ್ಧ. ಎಪ್ಪತ್ತರ ಹತ್ತಿರದ ವಯಸ್ಸು. ಮೊದಲ ದಿನವೇ ನಾನು, ‘ಸಿಸ್ಟರ್, ನಾನು ನಿಮ್ಮವನಲ್ಲ, ಆಗುವ ಯೋಚನೆಯೂ ಇಲ್ಲ’ ಎಂದೆ. ‘ಅದು ನಿಮ್ಮ ಮುಖ ನೋಡಿದರೇ ಗೊತ್ತಾಗುತ್ತದೆ ಮೇಷ್ಟ್ರೇ. ಕೂತುಕೊಳ್ಳಿ’ ಎಂದರು. ಕೂತೆವು. ಅವರೇನೂ ಕೇಳಲಿಲ್ಲ. ತರಗತಿಯಲ್ಲಿ ಎರಡು ನಿಮಿಷ ಮೌನವಾದರೆ ಹುಡುಗರು ನಗುವರೆಂದು ಅಂಜಿ ಬದುಕಿದವನು ನಾನು. ಅಲ್ಲಿ ಹತ್ತು ನಿಮಿಷ ಸುಮ್ಮನೆ ಕಳೆಯಿತು. ಹಿತ್ತಲಿನಲ್ಲಿ ಯಾರೋ ಪಾತ್ರೆ ತೊಳೆಯುತ್ತಿದ್ದರು. ಆಮೇಲೆ ನಾನು ಏಳು ಗಂಟೆಯ ಕಥೆ ಹೇಳಿದೆ.

ಅವರು ಕೇಳಿದ್ದು ಒಂದೇ ಮಾತು. ‘ಕಡೆಕಡೆಗೆ ಕೇಳುವವರು ಯಾರೂ ಇರಲಿಲ್ಲ ಅಂದಿರಲ್ಲ. ಹಾಗಾದರೆ ಅಮ್ಮ ಯಾರಿಗೆ ಹಾಡುತ್ತಿದ್ದರು?’

ನನಗೆ, ಎನ್ನಬಹುದಾಗಿತ್ತು. ನಾಲಗೆಯ ತುದಿಗೆ ಬಂತು, ಹೊರಡಲಿಲ್ಲ. ನಾನು ಅರ್ಥ ಹೊಂದಿಸಿಕೊಳ್ಳುತ್ತ ಕೂತಿರುತ್ತಿದ್ದೆ. ಅವಳು ಕಣ್ಣುಮುಚ್ಚಿ ಹಾಡುತ್ತಿದ್ದಳು. ‘ಉತ್ತರ ನನಗೆ ಬೇಡ’ ಎಂದರು ಸಿಸ್ಟರು. ‘ಅವಸರ ಏನುಂಟು? ಮುಂದಿನ ತಿಂಗಳು ಬನ್ನಿ.’ ಆ ಪ್ರಶ್ನೆಯನ್ನು ನಾನು ಒಂದು ತಿಂಗಳಲ್ಲ, ಐದು ತಿಂಗಳು ಹೊತ್ತು ತಿರುಗಿದೆ. ಪ್ರತಿ ಸಲ ಹೋದಾಗಲೂ ಅವರು ಅದನ್ನು ಮತ್ತೆ ಎತ್ತಲಿಲ್ಲ. ಮೇಷ್ಟರಾಗಿದ್ದರೆ ಎತ್ತುತ್ತಿದ್ದರು.

ನಮ್ಮ ಬೀದಿಯಲ್ಲಿ ಸುದ್ದಿ ಹಬ್ಬುವುದಕ್ಕೆ ಐದು ತಿಂಗಳು ಬೇಕಾಗಲಿಲ್ಲ. ಮಗ ಹೈದರಾಬಾದಿನಿಂದ ಫೋನು ಮಾಡಿ, ‘ಅಣ್ಣಾ, ಅಲ್ಲಿಗೆ ಯಾಕೆ ಹೋಗ್ತೀಯ? ನಮ್ಮಲ್ಲಿ ಯಾರೂ ಇಲ್ಲವೇ?’ ಎಂದ. ಅವನ ಪ್ರಶ್ನೆ ಅನ್ಯಾಯದ್ದಲ್ಲ. ನಮ್ಮಲ್ಲಿಯೂ ಉಂಟು. ಶರಣರು ಕಲ್ಯಾಣದಲ್ಲಿ ಒಟ್ಟಿಗೆ ಕುಳಿತು ತಂತಮ್ಮ ಅನುಭಾವವನ್ನು ಹೇಳಿ ಕೇಳಿದ್ದು ಮತ್ತೇನು? ಆದರೆ ಈಗ ನಾವು ಸಭೆ ಸೇರಿದರೆ ಪ್ರವಚನ. ಒಬ್ಬರಿಗೆ ಮೈಕು, ಐನೂರು ಜನಕ್ಕೆ ಕುರ್ಚಿ. ಒಬ್ಬನು ಹೇಳುವುದನ್ನು ಒಬ್ಬರು ಒಂದು ಗಂಟೆ ಕುಳಿತು ಕೇಳುವ ಏರ್ಪಾಡು ನನ್ನ ಕಣ್ಣಿಗೆ ಬಿದ್ದದ್ದು ಅಲ್ಲಿ. ಮತಾಂತರದ ಭಯಕ್ಕೆ ಮಗನಿಗೆ ನಾನು ಬ್ಯಾರನ್ನರ ಕಥೆಯನ್ನೇ ಹೇಳಿದೆ. ಅವರು ಕಟ್ಟಾ ಕೆಥೋಲಿಕರು. ಅಂಡರ್‌ಹಿಲ್ ಒಂದು ಕಾಲದಲ್ಲಿ ಆ ಸಭೆಗೆ ಸೇರುವ ಹೊಸ್ತಿಲವರೆಗೆ ಹೋಗಿ, ಗಂಡನಿಗೆ ಒಪ್ಪಿಗೆಯಿಲ್ಲದೆ, ರೋಮು ಹೊಸ ವಿಚಾರಗಳನ್ನು ಖಂಡಿಸಿದ್ದರಿಂದಲೂ ಹಿಂಜರಿದು ನಿಂತವರು. ಒಂದು ಎಳೆತ ಸಾಕಾಗಿತ್ತು. ಬ್ಯಾರನ್ನರು ಎಳೆಯಲಿಲ್ಲ. ಆಕೆ ಹುಟ್ಟಿದ ಆಂಗ್ಲಿಕನ್ ಸಭೆಯಲ್ಲಿಯೇ ಬೇರೂರಿ, ೧೯೨೪ರಿಂದ ಎಸೆಕ್ಸಿನ ಪ್ಲೆಶಿ ಎಂಬ ಹಳ್ಳಿಯ ಧ್ಯಾನಮಂದಿರದಲ್ಲಿ ಶಿಬಿರಗಳನ್ನು ನಡೆಸುತ್ತ, ತಾವೇ ಎಷ್ಟೋ ಜನಕ್ಕೆ ಒಡನಾಡಿಯಾದರು. ಮಗ ಎಲ್ಲ ಕೇಳಿ, ‘ಆಟೋದಲ್ಲಿ ಹೋಗು, ಬಸ್ಸು ಬೇಡ’ ಎಂದ. ಅದು ಒಪ್ಪಿಗೆಯೆಂದು ನಾನು ತಿಳಿದಿದ್ದೇನೆ.

ಪುಸ್ತಕವನ್ನು ಕಳೆದ ಮಾಘದಲ್ಲಿ ತೆರೆದೆ. ಹಾಡುವುದು ನನಗೆ ಬಾರದು. ಅರ್ಥ ಹೇಳದೆ, ಬರಿಯ ಪದ್ಯವನ್ನು ಗಟ್ಟಿಯಾಗಿ ಓದುತ್ತೇನೆ, ದಿನಕ್ಕೆ ಐದು. ಬಸ್ ಟಿಕೆಟ್ಟು ಇನ್ನೂ ಉದ್ಯೋಗಪರ್ವ ದಾಟಿಲ್ಲ. ಇದನ್ನು ಸಿಸ್ಟರಿಗೆ ಹೇಳಿದಾಗ ಅವರು, ‘ಒಂದು ಪದ್ಯ ಇಲ್ಲಿ ಓದಬಹುದಾ?’ ಎಂದರು. ಓದಿದೆ. ಶಿಲುಬೆಯ ಕೆಳಗಿನ ಆ ಬೆತ್ತದ ಕುರ್ಚಿಯಲ್ಲಿ ಕುಳಿತು ಅವರು ಕಣ್ಣುಮುಚ್ಚಿ ಕೇಳಿದರು.

ಬ್ಯಾರನ್ನರಿಗೂ ಒಬ್ಬರಿದ್ದರು: ಪ್ಯಾರಿಸಿನ ಸಂತ ಆಗಸ್ಟೀನರ ಚರ್ಚಿನ ಆಬೆ ಯೂವ್ಲಿನ್ ಎಂಬ ಪಾದ್ರಿ. ೧೮೮೬ರಲ್ಲಿ ಶಾರ್ಲ್ ದ ಫೂಕೋ ಎಂಬ, ನಂಬಿಕೆ ಕಳೆದುಕೊಂಡ ತರುಣ ಸರದಾರ ಚರ್ಚೆ ಮಾಡಿ ಧರ್ಮ ತಿಳಿಯುವೆನೆಂದು ಬಂದಾಗ, ವಾದಕ್ಕೆ ಇಳಿಯದೆ, ಮೊಣಕಾಲೂರಿ ಪಾಪನಿವೇದನೆ ಮಾಡಿಕೋ ಎಂದವರು ಅವರೇ. ಆ ಸರದಾರ ಸಹಾರಾದಲ್ಲಿ ತಪಸ್ವಿಯಾಗಿ ಬಾಳಿ, ೧೯೧೬ರಲ್ಲಿ ಕೊಲೆಯಾಗಿ, ೨೦೨೨ರಲ್ಲಿ ಸಂತನೆಂದು ಘೋಷಿತನಾದ. ಯೂವ್ಲಿನ್ನರು ಬ್ಯಾರನ್ನರಿಗೆ ಕಿವಿಗೊಟ್ಟರು, ಬ್ಯಾರನ್ನರು ಅಂಡರ್‌ಹಿಲ್‌ಗೆ, ಆಕೆ ಮತ್ತೆಷ್ಟೋ ಮಂದಿಗೆ. ಕೇಳುವವರಿಗೂ ಕೇಳುವವರು ಇರಬೇಕೆಂಬುದು ಅವರಲ್ಲಿ ಕಟ್ಟಳೆಯಂತೆ ನಡೆದುಬಂದಿದೆ.

ಕಳೆದ ತಿಂಗಳು ನಾನು ಹೋಗಬೇಕಾಗಿದ್ದ ಶನಿವಾರ ಸಿಸ್ಟರು ಊರಿನಲ್ಲಿರಲಿಲ್ಲ. ವರ್ಷಕ್ಕೆ ಎರಡು ಸಲ ರಾತ್ರಿಯ ಬಸ್ಸು ಹಿಡಿದು ಮಂಗಳೂರಿಗೆ ಹೋಗುತ್ತಾರೆ. ಅಲ್ಲಿ ಅವರ ಮಠದ ಸಿಸ್ಟರ್ ಒಬ್ಬರು, ತೊಂಬತ್ತು ದಾಟಿದವರು, ಹಾಸಿಗೆ ಹಿಡಿದಿದ್ದಾರೆ. ‘ಅವರಿಗೆ ಈಗ ಮಾತು ಇಲ್ಲ’ ಎಂದರು ಹಿಂದಿರುಗಿದ ಮೇಲೆ. ‘ಮತ್ತೆ ಏನು ಮಾಡಿಬಂದಿರಿ?’ ಎಂದೆ.

‘ಹೇಳಲಿಕ್ಕಿದ್ದುದೆಲ್ಲ ಹೇಳಿ ಬಂದೆ ಮೇಷ್ಟ್ರೇ. ಅವರು ಕೈ ಹಿಡಿದುಕೊಂಡಿದ್ದರು.’