ಅಜ್ಜಿಯ ಸೈಕಲ್ ಸವಾರಿ

ಅಜ್ಜಿ ಎಂದೊಡನೆ ಜಪಮಣಿ, ಊರುಗೋಲು, ಜಗುಲಿಯ ಮೂಲೆ ಇವೇ ಹಲವರ ಕಣ್ಣಮುಂದೆ ಬರುತ್ತವೆ. ಮೊಮ್ಮಕ್ಕಳನ್ನು ಕಂಡ ನನಗಾದರೋ ಎರಡು ಗಾಲಿಗಳ ಸಹವಾಸ ಇನ್ನೂ ತಪ್ಪಿಲ್ಲ.

2017ರ ಜೂನ್ ತಿಂಗಳಿನಲ್ಲಿ ಮೈಸೂರಿನಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಸಾರ್ವಜನಿಕ ಸೈಕಲ್ ಯೋಜನೆಯು 450 ಸೈಕಲ್ಲುಗಳೊಡನೆ ಆರಂಭವಾಯಿತು. ಒಂದು ನಿಲ್ದಾಣದಲ್ಲಿ ಪಡೆದುದನ್ನು ಇನ್ನೊಂದರಲ್ಲಿ ಒಪ್ಪಿಸಬಹುದಾಗಿತ್ತು. ಬಾಲ್ಯದಲ್ಲಿ ಕಲಿತು, ಸಂಸಾರದ ಭಾರದಲ್ಲಿ ಕೈಬಿಟ್ಟಿದ್ದ ಸವಾರಿಯನ್ನು ನಾನು ಮತ್ತೆ ಹಿಡಿದುದು ಆಗಲೇ.

ಮಗನು ಒಪ್ಪಲಿಲ್ಲ. “ಈ ವಯಸ್ಸಿನಲ್ಲಿ ಬಿದ್ದರೆ ಮೂಳೆ ಕೂಡುವುದೇ?” ಎಂದನು. ಅವನ ಅಂಜಿಕೆ ನಿರಾಧಾರವಲ್ಲ. ಮುದಿ ಮೂಳೆ ಬೇಗ ಮುರಿಯುತ್ತದೆ, ನಿಧಾನವಾಗಿ ಕೂಡುತ್ತದೆ. ಆದರೆ ಕುಳಿತಲ್ಲೇ ಕುಳಿತ ದೇಹವೂ ದಿನದಿನಕ್ಕೆ ಕುಂದುತ್ತದೆ. ಸೈಕಲ್ ತುಳಿಯುವಾಗ ಮೈಭಾರದ ಬಹುಪಾಲನ್ನು ಆಸನವೇ ಹೊರುವುದರಿಂದ ಮಂಡಿಗಳಿಗೆ ನಡಿಗೆಗಿಂತ ಕಡಿಮೆ ಒತ್ತಡ. ತೊಡೆಯ ಸ್ನಾಯುಗಳಿಗೆ ಒಳ್ಳೆಯ ವ್ಯಾಯಾಮ. ಕೊನೆಗೆ ನಮ್ಮಲ್ಲಿ ಒಪ್ಪಂದವಾಯಿತು: ತಲೆಗೆ ಶಿರಸ್ತ್ರಾಣ, ಕಾಲು ನೆಲಕ್ಕೆ ಎಟುಕುವ ಆಸನ, ಬೆಳಕು ಹರಿದ ಮೇಲೆಯೇ ಪಯಣ.

ಭಾನುವಾರ ಮುಂಜಾನೆ ನೆರೆಹೊರೆಯ ಹತ್ತಾರು ಮಂದಿ ಕುಕ್ಕರಹಳ್ಳಿ ಕೆರೆಯ ಕಡೆಗೆ ಹೊರಡುತ್ತೇವೆ. ಎಲ್ಲರಿಗಿಂತ ನಿಧಾನವಾಗಿ ತುಳಿಯುವವರು ಮುಂದೆ, ಗಟ್ಟಿಗರು ಹಿಂದೆ. ಹೀಗಾಗಿ ಯಾರೂ ಒಂಟಿಯಾಗಿ ಹಿಂದುಳಿಯುವುದಿಲ್ಲ. ಬಹುಕಾಲ ಮುಂದಾಳುತನ ನನ್ನದೇ ಆಗಿತ್ತು! ಈಗ ಏಳು ವರ್ಷದ ಮೊಮ್ಮಗಳು ಆ ಪದವಿಯನ್ನು ಕಸಿದುಕೊಂಡಿದ್ದಾಳೆ.

ತರಕಾರಿಗಾಗಲಿ, ಔಷಧಿಗಾಗಲಿ ನಾನೀಗ ಯಾರ ಬಿಡುವನ್ನೂ ಕಾಯಬೇಕಾಗಿಲ್ಲ. ಎಂದಾದರೊಂದು ದಿನ ಸೈಕಲ್ಲನ್ನು ಬಿಡಬೇಕಾದೀತೆಂಬುದನ್ನೂ ಬಲ್ಲೆ. ಆ ದಿನವನ್ನು ನನ್ನ ಕಾಲುಗಳೇ ಗೊತ್ತುಮಾಡಲಿ ಎಂದು ಮಗನಿಗೆ ಹೇಳಿದ್ದೇನೆ. ಅವನು ಮರುಮಾತಾಡಲಿಲ್ಲ, ಈಗ ಭಾನುವಾರಗಳಂದು ನಮ್ಮ ಸಾಲಿನ ಕೊನೆಯಲ್ಲಿ ಅವನ ಸೈಕಲ್ಲೂ ಇರುತ್ತದೆ.